ಬಾಯಿ ಹೊಲಿಯದ ಮೂಟೆ

ಬಂಗಾರಪೇಟೆ
23 ನವೆಂಬರ್ 2025

ಚಿ. ಸಹನಳಿಗೆ ದೊಡ್ಡಮ್ಮನ ಆಶೀರ್ವಾದ.

ದಸರಾದಿಂದ ಈಚೆಗೆ ನಾವಿಬ್ಬರೂ ಬರೆದುಕೊಂಡ ಕಾಗದಗಳನ್ನೆಲ್ಲ ಬೂಸಾ ಮೂಟೆ ಹೊಲಿಯುವ ದಾರದಲ್ಲಿ ಕಟ್ಟಿ ಕಳಿಸುತ್ತಿದ್ದೇನೆ. ನಿಮ್ಮ ಹೆಡ್‌ಮಿಸ್ ಶ್ಯಾಮಲ ಮೇಡಂ ಮುಂದಿನ ವರ್ಷದ ಹುಡುಗಿಯರಿಗೆ ಇದನ್ನು ಓದಿಸಬೇಕು ಅಂದರಂತೆ. ಓದಿಸಲಿ. ನನ್ನ ಮಾನ ಹೇಗೂ ಕ್ಯಾಸಂಬಳ್ಳಿ ಡೇರಿ ಮುಂದೆ ಹರಾಜಾಗಿದೆ, ಉರಿಗಾಂನಲ್ಲಿ ಇನ್ನೊಂದು ಸಲ ಕೂಗಿದರೆ ಹೆಚ್ಚು ನಷ್ಟವೇನಿಲ್ಲ.

ಅಂಗಡಿಯವಳು ಮೊದಲು ನೋಡುವುದು ಖರ್ಚು. ಈ ಪ್ರಸಂಗಕ್ಕೆ ಹಿಡಿದದ್ದು ಇಷ್ಟು. ನಿಮ್ಮ ವಾರ್ಡನ್ ಶಶಿರೇಖಾ ಮಿಸ್ ಬಿಟ್ಟ ಊಟಗಳು. ಅವನ್ನು ಯಾರೂ ಹಿಂದಕ್ಕೆ ಕೊಡಲಾರರು. ಬೀಗ ಬಿದ್ದ ನಿಮ್ಮ ಕಂಪ್ಯೂಟರ್ ರೂಮು. ಒಂದು ಡಬ್ಬಿ ತುಪ್ಪ, ಅದರಲ್ಲಿ ಅರ್ಧ ಬಸ್ಸಿನಲ್ಲಿ ನನ್ನ ಸೀರೆಯ ಮೇಲೆ, ಇನ್ನರ್ಧ ತಡವಾಗಿಯಾದರೂ ಸರಿಯಾದ ಮನೆಗೆ. ನೀನೂ ನಿನ್ನ ಗೆಳತಿ ನವ್ಯಳೂ ಒಂದೇ ತಟ್ಟೆಸಾಲಿನಲ್ಲಿ ಕೂತು ಮಾತಾಡದೆ ಎದ್ದ ದಿನಗಳು. ಕೊನೆಯದು, 'ಕದಿರಮ್ಮನ ಕಣ್ಣು ತಪ್ಪಿಸಿ ಒಂದು ಕಾಳೂ ಆಚೆಗೆ ಹೋಗಲ್ಲ' ಎಂದು ಈ ಬಜಾರಿನಲ್ಲಿ ನಾನು ಎಮ್ಮೆ ಸಾಕಿದ ಹಾಗೆ ಸಾಕಿಕೊಂಡಿದ್ದ ಹೆಸರು.

ಲಾಭದ ಕಡೆ ನಾನು ಬರೆದಿಲ್ಲ. ಅದು ನಿನ್ನ ಪಾಲಿನ ಕೆಲಸ. ಬರೆದು ಕಟ್ಟಿನ ತಳಕ್ಕೆ ಸೇರಿಸು.

ನಿನ್ನ ದೊಡ್ಡಮ್ಮ,
ಕದಿರಮ್ಮ

&nbsp;

ಉರಿಗಾಂ
24 ಸೆಪ್ಟೆಂಬರ್ 2025

ದೊಡ್ಡಮ್ಮನಿಗೆ ಸಹನ ಮಾಡುವ ನಮಸ್ಕಾರ.

ಹತ್ತನೇ ತರಗತಿಯವರಿಗೆ ದಸರಾ ರಜೆ ಇಲ್ಲವಂತೆ. ವಿಶೇಷ ತರಗತಿ ಇದೆ, ಹಾಸ್ಟೆಲಿನಲ್ಲೇ ಇರಬೇಕು. ಅಮ್ಮನಿಗೆ ಭಾನುವಾರ ವಾರ್ಡನ್ ಫೋನಿನಿಂದ ಹೇಳಿದೆ. ನಿನಗೆ ಹೇಳುವಷ್ಟರಲ್ಲಿ ನನ್ನ ಸರದಿ ಮುಗಿಯಿತು. ನಮ್ಮ ಹತ್ತಿರ ಫೋನ್ ಇಟ್ಟುಕೊಳ್ಳುವ ಹಾಗಿಲ್ಲವಲ್ಲ, ಅದಕ್ಕೆ ಈ ಕಾಗದ.

ಖುಷಿಯ ಸುದ್ದಿ: ನಾನು ಈ ವರ್ಷ ಕಂಪ್ಯೂಟರ್ ಲೀಡರ್! ಇಂಟರ್‌ನೆಟ್ಟಿನಲ್ಲಿ ನಮ್ಮ ಶಾಲೆಯದೇ ಒಂದು ಪುಟ ಇದೆ. ಕಾರ್ಯಕ್ರಮದ ಫೋಟೋ, ಫಲಿತಾಂಶ, ಊಟದ ಪಟ್ಟಿ ಎಲ್ಲ ಅದರಲ್ಲಿ ಹಾಕುತ್ತೇವೆ, ಅಪ್ಪ ಅಮ್ಮಂದಿರು ಊರಲ್ಲೇ ಕೂತು ನೋಡುತ್ತಾರೆ. ಅದರ ಪಾಸ್‌ವರ್ಡ್ ನನ್ನ ಹೆಸರಿನಲ್ಲಿದೆ. ನನ್ನನ್ನು ಈ ಶಾಲೆಗೆ ಸೇರಿಸಿ ಸಹಿ ಹಾಕಿದವಳು ನೀನು, ಅದಕ್ಕೆ ಅಮ್ಮನಿಗಿಂತ ಮೊದಲು ನಿನಗೆ ಬರೆಯುತ್ತಿದ್ದೇನೆ.

ನೀನು ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ದೀಪಾವಳಿವರೆಗೆ ಬರುತ್ತದೆ ಅಂದಿದ್ದೆ. ವಾರವೂ ಬರಲಿಲ್ಲ. ನಮ್ಮ ರೂಮಿನಲ್ಲಿ ಯಾವುದೂ ಒಬ್ಬರದಲ್ಲ ದೊಡ್ಡಮ್ಮ. ಬಾಚಣಿಗೆ, ಕೊಬ್ಬರಿ ಎಣ್ಣೆ, ನವ್ಯಳ ರಿಬ್ಬನ್, ನನ್ನ ಉಪ್ಪಿನಕಾಯಿ. ಮೊನ್ನೆ ನನಗೆ ಜ್ವರ ಬಂದಾಗ ಯಾರಾದರೂ ಫೋಟೋ ಹಾಕಲಿ ಎಂದು ಪಾಸ್‌ವರ್ಡನ್ನೂ ಹೇಳಿಬಿಟ್ಟೆ. ಇನ್ನೊಬ್ಬರಿಗೆ ಇಲ್ಲ ಅಂದರೆ ಇಲ್ಲಿ 'ಏಯ್, ಜಂಬಗಾತಿ' ಅಂತಾರೆ.

ಪಾಪ, ನವ್ಯ ಹಿಟ್ಟಿನ ಡಬ್ಬಿಯಲ್ಲಿ ಫೋನ್ ಬಚ್ಚಿಟ್ಟಿದ್ದಳು. ಶಶಿರೇಖಾ ಮಿಸ್ ಹಿಡಿದು, ಊಟದ ಹಾಲ್‌ನಲ್ಲಿ ಎಲ್ಲರ ಮುಂದೆಯೇ ಅವಳಪ್ಪನಿಗೆ ಫೋನ್ ಮಾಡಿ ಬೈದರು. ಹಬ್ಬ ಮುಗಿಯುವವರೆಗೆ ಮನೆಯಲ್ಲಿರು ಎಂದು ಕಳಿಸಿದ್ದಾರೆ. ಹೋಗುವಾಗ ನನ್ನನ್ನೂ ಮಾತಾಡಿಸಲಿಲ್ಲ.

ಆಯುಧಪೂಜೆಗೆ ಕಂಪ್ಯೂಟರುಗಳಿಗೆಲ್ಲ ಚೆಂಡುಹೂವಿನ ಹಾರ ಹಾಕುತ್ತೇವೆ. ಹೂವು ಕಟ್ಟುವ ಕೆಲಸ ನನ್ನದು.

ಸಹನ

&nbsp;

ಬಂಗಾರಪೇಟೆ
4 ಅಕ್ಟೋಬರ್ 2025

ಸಹನಾ,

ಆಶೀರ್ವಾದ ಆಮೇಲೆ. ಮೊದಲು ಸಮಾಚಾರ.

ನಿನ್ನೆ ನಿಮ್ಮ ಶ್ಯಾಮಲ ಮೇಡಂ ಫೋನ್ ಮಾಡಿದ್ದರು. ಆಯುಧಪೂಜೆ ಸಾಯಂಕಾಲ ಶಾಲೆಯ ಪುಟದಲ್ಲಿ ಬಂದ ಚಿತ್ರ ನಿನ್ನ ಪಾಸ್‌ವರ್ಡಿನಿಂದ ಹಾಕಿದ್ದಂತೆ. ವಾರ್ಡನ್ ಅಕ್ಕಿ ಮೂಟೆಗಳನ್ನು ಗೂಡ್ಸ್ ಆಟೋಗೆ ತುಂಬಿಸಿ ನೋಟು ಎಣಿಸುತ್ತಿರುವುದು, ಕೆಳಗೆ 'ಮಕ್ಕಳ ಅಕ್ಕಿ ಮಾರಿದ ವಾರ್ಡನ್' ಎಂದು ಬರಹ. ಎಲ್ಲ ಮೊಬೈಲಿನಲ್ಲಿ ಹುಟ್ಟಿಸಿದ್ದಂತೆ, ನಿಜದ ಫೋಟೋವೇ ಅಲ್ಲವಂತೆ. ಗಂಟೆಯೊಳಗೆ ತೆಗೆಸಿದರಂತೆ, ಅಷ್ಟರಲ್ಲಿ ಅದು ತಾಲ್ಲೂಕು ಸುತ್ತಿತ್ತು. ನನಗೂ ಯಾರೋ ಕಳಿಸಿದ್ದರು, ನೋಡಿದ್ದೆ.

'ಹುಡುಗಿ ಒಪ್ಪಿಕೊಳ್ಳದಿದ್ದರೆ ಟಿ.ಸಿ. ಕೊಡಬೇಕಾಗುತ್ತೆ ಕದಿರಮ್ಮನವರೇ' ಅಂದರು. ಎಸ್ಸೆಸ್ಸೆಲ್ಸಿ ವರ್ಷ. ನಡುವೆ ಟಿ.ಸಿ. ತಗೊಂಡವಳನ್ನು ಯಾವ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ?

ಯಾಕೆ ಮಾಡಿದೆ ಎಂದು ನಾನು ಕೇಳಲ್ಲ. ವಯಸ್ಸು, ಕೈಯಲ್ಲಿ ಹೊಸ ಆಯುಧ, ಸ್ನೇಹಿತೆಯನ್ನು ಬೈದ ಸಿಟ್ಟು. ಬೂಷ್ಟು ಹಿಡಿದ ಹಿಂಡಿ ನನ್ನ ಅಂಗಡಿಯಿಂದ ಹೋಯಿತು ಎಂದು ಗಿರಾಕಿ ಬಂದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಮೂಟೆ ವಾಪಸ್ ತಗೊಳ್ಳುತ್ತೇನೆ, ಟೀ ತರಿಸುತ್ತೇನೆ, ಗಿರಾಕಿ ಉಳಿಯುತ್ತಾನೆ. ನೀನೂ ಹಾಗೇ ಮಾಡು. 'ತಪ್ಪಾಯಿತು' ಎಂದು ಎರಡು ಸಾಲು ಬರೆದುಕೊಡು. ಮಿಕ್ಕದ್ದನ್ನು ನಾನು ಬಂದು ಸರಿಮಾಡುತ್ತೇನೆ.

ನಿಮ್ಮ ಅಮ್ಮನಿಗೆ ಏನೂ ಹೇಳಿಲ್ಲ. ನೀನೂ ಹೇಳಬೇಡ.

ದೊಡ್ಡಮ್ಮ

&nbsp;

ಉರಿಗಾಂ
8 ಅಕ್ಟೋಬರ್ 2025

ದೊಡ್ಡಮ್ಮನಿಗೆ,

ನಾನು ಮಾಡಿಲ್ಲ.

ಎರಡು ಸಾಲು ಬರೆಯಲು ಹೇಳಿದ್ದೆ. ಈ ಒಂದು ಸಾಲಿಗಿಂತ ಹೆಚ್ಚು ನನ್ನ ಕೈಯಲ್ಲಿ ಬರೆಯಲು ಆಗುತ್ತಿಲ್ಲ. ಆದರೂ ನಿನಗೆ ವಿವರ ಬೇಕು, ಕೊಡುತ್ತೇನೆ. ಆವತ್ತು ಬೆಳಿಗ್ಗೆಯೇ ಪೂಜೆ ಮುಗಿದಿತ್ತು. ಮೇನ್ ಸ್ವಿಚ್ಚಿಗೆ ಕುಂಕುಮ ಇಟ್ಟು, ಕಂಪ್ಯೂಟರುಗಳಿಗೆ ಹಾರ ಹಾಕಿ, ಮೇಡಂ ಬೀಗ ಹಾಕಿಕೊಂಡು ಹೋದರು. ಪೂಜೆಗೆ ಇಟ್ಟ ಆಯುಧ ಮುಟ್ಟಬಾರದು, ನಿನ್ನ ತಕ್ಕಡಿಯನ್ನೂ ಆವತ್ತು ನೀನು ಮುಟ್ಟುವುದಿಲ್ಲ. ಚಿತ್ರ ಬಂದ ಮೇಲೆ ಆ ಬೀಗ ತೆಗೆದೇ ಇಲ್ಲ. ಕಿಟಕಿಯಿಂದ ನೋಡಿದರೆ ಹಾರ ಹಾಗೇ ಇದೆ, ಒಣಗಿದೆ.

ಮೇಡಂ ಕೇಳುವುದು ಬೇರೆ: 'ಇಲ್ಲಿಂದ ಅಲ್ಲದಿದ್ರೆ ಆಚೆಯಿಂದ. ನಿನ್ನ ಪಾಸ್‌ವರ್ಡ್ ಯಾರ ಕೈಗೆ ಹೋಯ್ತು, ಹೆಸರು ಹೇಳು.'

ಹೆಸರು ಹೇಳುವುದಿಲ್ಲ. ನೀನೂ ಕೇಳಬೇಡ.

ಈ ಕಾಗದವನ್ನು ಅಂಚೆಗೆ ಹಾಕುವವರು ಶಶಿರೇಖಾ ಮಿಸ್ಸೇ. ಅಂಟಿಸದೆ ಕೊಟ್ಟೆ, ಬೇಕಾದರೆ ಓದಲಿ ಎಂದು. 'ಅಂಟಿಸ್ಕೊಂಡು ಬಾಮ್ಮ' ಎಂದು ಹಿಂದಕ್ಕೆ ಕೊಟ್ಟರು.

ಸಹನ

&nbsp;

ಬಂಗಾರಪೇಟೆ
11 ಅಕ್ಟೋಬರ್ 2025

ಸಹನಾ,

ನಿನ್ನೆ ಬಂದಿದ್ದೆ. ನೀನು ತರಗತಿಯಲ್ಲಿದ್ದೆ, ಕರೆಸಬೇಡಿ ಎಂದು ನಾನೇ ಹೇಳಿದೆ. ದೊಡ್ಡವರ ಮಾತು ದೊಡ್ಡವರಲ್ಲೇ ಮುಗಿಯಲಿ ಎಂದು ತುಪ್ಪದ ಡಬ್ಬಿ ಹಿಡಿದು ಮೇಡಂ ಮುಂದೆ ಕೂತೆ.

'ಇದೇನು ಕದಿರಮ್ಮನವರೇ?' ಅಂದರು.

'ಮನೇದು ಮೇಡಂ. ನಾಟಿ ಅಸೂ ತುಪ್ಪ. ಮಕ್ಕಳ ಅನ್ನಕ್ಕೆ ಆಕಿ.'

'ಮಕ್ಕಳ ಅನ್ನ ಕದ್ದಳು ಅಂತ ನಮ್ಮ ವಾರ್ಡನ್ ಮೇಲೆ ಊರೆಲ್ಲ ಹೇಳ್ತಿದೆ. ಇಂಥ ಹೊತ್ತಿನಲ್ಲಿ ಈ ಆಫೀಸಿಗೆ ಡಬ್ಬಿ ತರ್ತಾರೇನ್ರಿ? ಇದರ ಫೋಟೋ ಯಾರಾದ್ರೂ ತೆಗೆದರೆ?'

ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಡಬ್ಬಿ ಹಾಗೇ ಹಿಂದಕ್ಕೆ ಬಂತು. ಬಸ್ಸಿನಲ್ಲಿ ಮುಚ್ಚಳ ಸಡಿಲಾಗಿ ಸೀರೆ ಹೋಯಿತು, ಆ ಕಥೆ ಬೇಡ. ಇಪ್ಪತ್ತೈದನೇ ತಾರೀಕು ತರಗತಿಯವರನ್ನೆಲ್ಲ ಕೂರಿಸಿ ಕೊನೆಯ ಸಲ ಕೇಳುತ್ತಾರಂತೆ. ಆವತ್ತು ನೀನು ಬಾಯಿ ಬಿಡದಿದ್ದರೆ ಟಿ.ಸಿ. ನಿನಗೆ, ಬೀಗ ಎಲ್ಲರಿಗೂ.

ಆ ನವ್ಯ ಆವತ್ತು ಮನೆಯಲ್ಲಿದ್ದಳು ಎಂದು ನೀನೇ ಬರೆದಿದ್ದೆಯಲ್ಲ? ನಾನು ಬೂಸಾ ಮಾರುವವಳು, ಬೂಸಾ ತಿನ್ನುವವಳಲ್ಲ. ಹೆಸರು ಹೇಳಿ ಹೊರಗೆ ಬಾ. ಅವಳನ್ನು ಉಳಿಸಲು ನೀನು ಮುಳುಗುವ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ.

ಹೊರಡುವಾಗ ಶಶಿರೇಖಾ ಮಿಸ್ ಜಗಲಿಯಲ್ಲಿ ನನಗೆ ಕಾಫಿ ತಂದುಕೊಟ್ಟರು. ತಲೆ ಎತ್ತಲಿಲ್ಲ. ಯಾಕೋ ಅರ್ಧ ಲೋಟ ಅಲ್ಲೇ ಬಿಟ್ಟು ಬಂದೆ. ಇರಲಿ.

ದೊಡ್ಡಮ್ಮ

&nbsp;

ಉರಿಗಾಂ
14 ಅಕ್ಟೋಬರ್ 2025

ದೊಡ್ಡಮ್ಮನಿಗೆ,

ಶಶಿರೇಖಾ ಮಿಸ್ ನಮಗೆಲ್ಲ ಬಡಿಸಿ ತಾವು ಊಟಕ್ಕೆ ಕೂರುವುದಿಲ್ಲ. ಅಡುಗೆಯ ಸೆಲ್ವಿ ಅಕ್ಕ ತಟ್ಟೆ ಹಿಡಿದು 'ಸಾಪ್ಪಿಡಮ್ಮಾ, ಒಂದು ತುತ್ತು' ಎಂದು ಹಿಂದೆ ಹಿಂದೆ ಓಡಾಡುತ್ತಾರೆ. ಮಿಸ್ ಅವರ ಊರಿನಲ್ಲಿ, ಅವರ ಅಮ್ಮ ಹಾಲು ಹಾಕಲು ಹೋದಾಗ ಯಾರೋ ಫೋನ್ ಹಿಡಿದು ತೋರಿಸಿದರಂತೆ. ಅಕ್ಕಿ ನೀನೇ ಅಳೆದುಕೋ, ನಾನು ಮುಟ್ಟಲ್ಲ ಎಂದು ಸೆಲ್ವಿ ಅಕ್ಕನ ಹತ್ತಿರ ಹೇಳುತ್ತಿದ್ದರು.

ಭಾನುವಾರ ಅಮ್ಮ ಫೋನಿನಲ್ಲಿ ಸಿಕ್ಕಿದಳು. ನೀನು ಹೇಳದಿದ್ದರೂ ಅವಳಿಗೆ ಎಲ್ಲ ಗೊತ್ತು. ಅವಳ ಫೋನಿಗೆ ಆ ಚಿತ್ರ ಆವತ್ತೇ ಬಂದಿತ್ತು. ನಿನ್ನ ನಂಬರಿನಿಂದ. ಕ್ಯಾಸಂಬಳ್ಳಿ ಹಾಲಿನ ಸಂಘದ ವಾಟ್ಸಾಪ್ ಗುಂಪಿಗೆ ಬಂದದ್ದೂ ನಿನ್ನ ನಂಬರಿನಿಂದ. ಮೇಲೆ ನೀನೇ ಬರೆದಿದ್ದೆ: 'ನೋಡಿ ಅನ್ಯಾಯ. ಎಲ್ಲರಿಗೂ ಕಳಿಸಿ.'

ಮಿಸ್ ಊರಿನವರು ಹಾಲು ಹಾಕುವುದು ಆ ಸಂಘಕ್ಕೇ.

ಒಂದೇ ಮಾತು ಕೇಳುತ್ತೇನೆ ದೊಡ್ಡಮ್ಮ, ಸಿಟ್ಟು ಮಾಡಿಕೊಳ್ಳಬೇಡ. ತಪ್ಪಾಯಿತು ಎಂದು ಬರೆದುಕೊಡು ಅಂದೆಯಲ್ಲ, ನಮ್ಮಿಬ್ಬರಲ್ಲಿ ಯಾರು ಮೊದಲು ಬರೆಯೋಣ?

ಸಹನ

&nbsp;

ಬಂಗಾರಪೇಟೆ
23 ಅಕ್ಟೋಬರ್ 2025

ಚಿ. ಸಹನಳಿಗೆ ದೊಡ್ಡಮ್ಮನ ಆಶೀರ್ವಾದ.

ಉತ್ತರ ತಡವಾಯಿತು. ಹಬ್ಬದ ವ್ಯಾಪಾರ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಿನ್ನ ಕಾಗದ ಓದಿದ ಮೇಲೆ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಆಟೋದಲ್ಲಿ ಮೇಲಿನ ಮೂಟೆಯ ಬಾಯಿಗೆ ಹೊಲಿಗೆಯೇ ಇಲ್ಲ. ಬಾಯಿ ತೆರೆದುಕೊಂಡು ಅಡ್ಡ ಬಿದ್ದಿದೆ, ಒಂದು ಕಾಳೂ ಚೆಲ್ಲಿಲ್ಲ! ನಾನು ಹುಟ್ಟಿದ್ದೇ ಮೂಟೆಗಳ ನಡುವೆ. ಅಂಗಡಿಗೆ ಬರುವ ಪ್ರತಿ ಮೂಟೆಯ ಹೊಲಿಗೆ ಎಳೆದು ನೋಡಿ ಇಳಿಸಿಕೊಳ್ಳುವವಳು. ಇದನ್ನು ಮಾತ್ರ ಸೀನುವಷ್ಟು ಹೊತ್ತಿನಲ್ಲಿ ಊರಿಗೆಲ್ಲ ಹಂಚಿದೆ. ಯಾಕೆ ಗೊತ್ತಾ? ಸುದ್ದಿ ಮೊದಲು ಬಂದದ್ದು ನನಗೆ ಎಂದು ತೋರಿಸಿಕೊಳ್ಳಲು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ದೀಪಾವಳಿ ಮುಗಿದ ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಮೊದಲ ಬಸ್ಸಿಗೆ ಕ್ಯಾಸಂಬಳ್ಳಿಗೆ ಹೋದೆ. ಡೇರಿ ಮುಂದೆ ಕ್ಯಾನು, ಬಿಂದಿಗೆ ಹಿಡಿದು ಸಾಲು ನಿಂತಿತ್ತು. ಅರ್ಧ ಜನ ನನ್ನ ಗಿರಾಕಿಗಳೇ. ಒಳಗೆ ಸೆಕ್ರೆಟರಿ ಅಂಬರೀಶ್ ಹಾಲಿನ ಫ್ಯಾಟ್ ನೋಡುತ್ತಿದ್ದ.

'ಅಂಬರೀಶಾ, ಟೆಸ್ಟ್ ಮಾಡ್ದೆ ಆಲು ಕ್ಯಾನಿಗೆ ಉಯ್ತೀಯೇನ್ಲಾ?' ಅಂದೆ, ಎಲ್ಲರಿಗೂ ಕೇಳುವ ಹಾಗೆ.

'ಎಲ್ಲಾದ್ರೂ ಉಂಟಾ ಕದಿರಕ್ಕ? ಒಬ್ಬರ ಕೆಟ್ಟ ಆಲು ಬಿದ್ರೆ ಕ್ಯಾನೇ ಒಡೆದೋಗ್ತದೆ.'

'ನಾನು ಉಯ್ದೆ ಕಣಪ್ಪ. ನಿಮ್ಮ ಗುಂಪಿಗೆ. ವಾರ್ಡನಮ್ಮನ ಫೋಟೋ ಸುಳ್ಳು. ಕಳ್ಸಿದೋಳು ನಾನು. ಬೇಕಾದ್ರೆ ಈಗ್ಲೇ ಬೈರಿ, ಬಸ್ಸು ಬರೋಕೆ ಇನ್ನೂ ಟೈಮದೆ.'

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸಾಲಿನಲ್ಲಿದ್ದ ಒಬ್ಬ ಮುದುಕಿ 'ಏಮಮ್ಮಾ, ತಪ್ಪು ಏಳ್ಕೊಳೋಕೆ ಬಂಗಾರಪೇಟೆಯಿಂದ ಬಸ್ ಚಾರ್ಜು ಕೊಟ್ಕೊಂಡು ಬಂದೆಯಾ?' ಅಂದಳು. ಎಲ್ಲರೂ ನಕ್ಕರು. ಆಮೇಲೆ ಗೊತ್ತಾಯಿತು, ಅವಳೇ ಶಶಿರೇಖಾ ಮಿಸ್ ತಾಯಿ.

ಮಿಕ್ಕ ಅರ್ಧ ಡಬ್ಬಿ ತುಪ್ಪ ಚೀಲದಲ್ಲೇ ಇತ್ತು. ಅವರ ಮನೆವರೆಗೆ ಹಿಂದೆ ನಡೆದು ಕೊಟ್ಟೆ. ತುಪ್ಪ ತೆಗೆದುಕೊಂಡರು. ನನ್ನ ಮಾತು ತೆಗೆದುಕೊಂಡರೋ ಇಲ್ಲವೋ ಹೇಳಲಿಲ್ಲ. ಬಿಸಿ ಮುದ್ದೆ ಇಕ್ಕಿದರು, ತಿಂದೆ. ಅಲ್ಲಿಂದಲೇ ಆ ಚಿತ್ರ ಕಳಿಸಿದ್ದ ಪ್ರತಿ ಗುಂಪಿಗೂ, ಸುಳ್ಳೆಂದು, ಕಳಿಸಿದವಳು ನಾನೆಂದು, ಹೆಸರು ಹೇಳಿ ಕಳಿಸಿದೆ.

ಇನ್ನು ನಾಡಿದ್ದಿನ ವಿಷಯ. ಹೆಸರು ಹೇಳು ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕು. ಇನ್ನೊಬ್ಬಳದು ಅವಳು ಹೇಳಲಿ. ನಿನ್ನದು ಏನಿದೆಯೋ ಅಷ್ಟನ್ನು ನೀನು ಹೇಳು, ಗಟ್ಟಿಯಾಗಿ. ಅದಕ್ಕೆ ಟಿ.ಸಿ. ಕೊಟ್ಟರೆ ನಾನೇ ಬಂದು ಪೆಟ್ಟಿಗೆ ಹೊರುತ್ತೇನೆ.

ದೊಡ್ಡಮ್ಮ

&nbsp;

ಉರಿಗಾಂ
26 ಅಕ್ಟೋಬರ್ 2025

ದೊಡ್ಡಮ್ಮಾ,

ಪೆಟ್ಟಿಗೆ ಹೊರಲು ಬರಬೇಡ!

ನಿನ್ನೆ ನಮ್ಮನ್ನೆಲ್ಲ ಊಟದ ಹಾಲ್‌ನಲ್ಲಿ ಕೂರಿಸಿದರು. ನಿನ್ನ ಕಾಗದ ಆವತ್ತು ಬೆಳಿಗ್ಗೆಯೇ ಕೈಗೆ ಸಿಕ್ಕಿತ್ತು, ಲಂಗದ ಜೇಬಿನಲ್ಲಿತ್ತು. ಶ್ಯಾಮಲ ಮೇಡಂ 'ಬರ್ಕೊಂಡು ಬಂದಿದ್ದೀಯಾ?' ಅಂದರು.

'ಬಂದಿದ್ದೀನಿ ಮೇಡಂ. ಆದ್ರೆ ಚಿತ್ರದ ಬಗ್ಗೆ ಅಲ್ಲ' ಎಂದು ಓದಿದೆ. 'ಆ ಚಿತ್ರ ನಾನು ಮಾಡಿಲ್ಲ, ಹಾಕಿಲ್ಲ. ನನ್ನ ತಪ್ಪು ಬೇರೆ. ಶಾಲೆ ನನ್ನೊಬ್ಬಳನ್ನು ನಂಬಿ ಕೊಟ್ಟ ಪಾಸ್‌ವರ್ಡನ್ನು ನಾನು ಉಪ್ಪಿನಕಾಯಿಯ ಹಾಗೆ ಹಂಚಿದೆ. ಉಪ್ಪಿನಕಾಯಿ ಖಾಲಿಯಾದರೆ ಜಾಡಿ ಮಾತ್ರ ಖಾಲಿ. ಇದರಿಂದ ಮಿಸ್ ಹೆಸರು ಹೋಯಿತು.'

ಮೇಡಂ ಬಿಡಲಿಲ್ಲ. 'ಯಾರಿಗೆ ಹಂಚಿದೆ?'

ನಾನು ಹಿಂದಕ್ಕೆ ತಿರುಗಿದೆ. 'ನನ್ನ ಪಾಸ್‌ವರ್ಡ್ ಗೊತ್ತಿರೋರೆಲ್ಲ ಕೈ ಎತ್ರೇ.'

ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಕಿಟಕಿ ಪಕ್ಕದಿಂದ ಒಂದು ಕೈ. ಅದರ ಹಿಂದೆ ಒಂದು. ನೋಡುತ್ತಾ ನೋಡುತ್ತಾ ಇಡೀ ತರಗತಿಯೇ ಕೈ ಎತ್ತಿತ್ತು. ಅಡುಗೆಮನೆ ಬಾಗಿಲಿನಲ್ಲಿ ಸೆಲ್ವಿ ಅಕ್ಕ ಸೌಟು ಎತ್ತಿ ನಿಂತಿದ್ದರು. 'ಎನಕ್ಕೂ ತೆರಿಯುಂ ಮೇಡಂ, ನಂಗೂ ಗೊತ್ತು. ನನ್ನ ಫೋನಿಂದ ದಿನಾ ಸಾಂಬಾರ್ ಫೋಟೋ ಆಕೋಕೆ ಸಹನಾ ಪಾಪ ಏಳ್ಕೊಟ್ಟಿದ್ಲು.'

ಮೇಡಂ ನಗಬಾರದೆಂದು ತುಟಿ ಕಚ್ಚಿಕೊಂಡರು. ಆಗಲಿಲ್ಲ.

ಆ ನಗುವಿನ ನಡುವೆ ನವ್ಯ ಎದ್ದು ನಿಂತಳು. 'ನಾನು ಕೈ ಎತ್ತಿದ್ರೆ ಸಾಲ್ದು ಮಿಸ್. ನಾನೇ ಮಾಡಿದ್ದು. ಅಣ್ಣನ ಫೋನಲ್ಲಿ. ಒಂದು ಗಳಿಗೆ ಇಟ್ಟು ತೆಗೆದುಬಿಡೋಣ ಅಂದ್ಕೊಂಡೆ. ತೆಗೆಯೋಕೆ ನೋಡಿದ್ರೆ ಆಗ್ಲೇ ನಮ್ಮಪ್ಪನ ಫೋನಿಗೇ ಯಾರೋ ಕಳ್ಸಿದ್ರು. ಆಮೇಲೆ ಬಾಯೇ ಬರ್ಲಿಲ್ಲ.'

ಶಶಿರೇಖಾ ಮಿಸ್ ಎದ್ದು ಅವಳ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆವು. 'ಅಕ್ಕಿ ಮುಟ್ಟೋಕೆ ಭಯ ಆಗೋ ಹಂಗೆ ಮಾಡಿಬಿಟ್ಟೆಯಲ್ಲೇ' ಅಂದರು, ಅಷ್ಟೇ. ಆಮೇಲೆ, 'ಆವತ್ತು ನಾನೂ ನಿನ್ನ ಎಲ್ಲರ ಮುಂದೆ ಬೈಬಾರದಿತ್ತು. ಇನ್ಮೇಲೆ ಬೈಯೋದಿದ್ರೆ ರೂಮಿಗೆ ಕರೀತೀನಿ' ಅಂದರು. ನವ್ಯ ಅಲ್ಲೇ ಕುಸಿದು ಅತ್ತಳು. ನಾನು ಅವಳ ಪಕ್ಕ ಹೋಗಿ ಕೂತೆ. ಇನ್ನೂ ಸಿಟ್ಟಿತ್ತು.

ಟಿ.ಸಿ. ಯಾರಿಗೂ ಇಲ್ಲ. ನವ್ಯ ಅದೇ ಪುಟದಲ್ಲಿ ತನ್ನ ಹೆಸರು ಹಾಕಿ ನಿಜ ಬರೆಯಬೇಕು, ಅವಳಪ್ಪ ಬಂದು ಪಕ್ಕದಲ್ಲಿ ಕೂರಬೇಕು. ಪುಟಕ್ಕೆ ಇನ್ನು ಏನು ಹಾಕಬೇಕಾದರೂ ಇಬ್ಬರು ನೋಡಿರಬೇಕು. ಒಬ್ಬೊಬ್ಬಳಿಗೂ ಅವಳದೇ ಪಾಸ್‌ವರ್ಡ್. ಕೇಳಿದವಳಿಗೆ 'ಇಲ್ಲ' ಅಂದರೆ ಅದು ಜಂಬವಲ್ಲ ಎಂದು ಬಾಗಿಲ ಮೇಲೆ ಬರೆಯಲು ಹುಡುಗಿಯರೇ ಹೇಳಿದರು.

ಆಮೇಲೆ ಮೇಡಂ ಬೀಗದ ಕೈ ನನ್ನ ಕೈಗೆ ಕೊಟ್ಟರು. ಮೇನ್ ಸ್ವಿಚ್ಚಿನ ಮೇಲೆ ಕುಂಕುಮ ಹಾಗೇ ಇತ್ತು. ನಾನು ಕಟ್ಟಿದ ಹಾರಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಎಲ್ಲರೂ ಸೇರಿ ಗುಡಿಸಿದೆವು.

ಕೊನೆಗೆ ಊಟ. ಶಶಿರೇಖಾ ಮಿಸ್ ನಮ್ಮ ಸಾಲಿನಲ್ಲಿ ಕೂತರು. ನವ್ಯ ಬಡಿಸಿದಳು. ಅವರು ಎರಡನೇ ಸಲ ಅನ್ನ ಕೇಳಿದಾಗ ಸೆಲ್ವಿ ಅಕ್ಕ ಶಿಳ್ಳೆ ಹೊಡೆದರು!

ಸಹನ

&nbsp;

ಉರಿಗಾಂ
27 ನವೆಂಬರ್ 2025

ದೊಡ್ಡಮ್ಮನಿಗೆ ಸಹನಳ ನಮಸ್ಕಾರ.

ಕಟ್ಟು ತಲುಪಿತು. ದಾರದ ಗಂಟು ಬಿಚ್ಚಲು ಇಡೀ ರೂಮಿನವರು ಬೇಕಾಯಿತು. ನೀನು ಹೇಳಿದ ಲಾಭದ ಕಡೆ ಇದು. ನಿನ್ನ ಹಾಗೆ ಬಣ್ಣ ಕಟ್ಟಿ ಬರೆಯಲು ನನಗೆ ಬರುವುದಿಲ್ಲ.

ಶಶಿರೇಖಾ ಮಿಸ್: ಅವರ ಹೆಸರು ಹಿಂದಕ್ಕೆ ಬಂತು. ನವ್ಯ ಬರೆದ ನಿಜವನ್ನು ಅವರ ಅಮ್ಮನಿಗೆ ಡೇರಿ ಸಾಲಿನಲ್ಲಿ ಓದಿ ಹೇಳಿದರಂತೆ, ಚಿತ್ರ ತೋರಿಸಿದವರೇ.

ಹಾಲಿನ ಸಂಘ: ನಾನೂ ನವ್ಯಳೂ ಹೋದ ವಾರ ಮೇಡಂ ಜೊತೆ ಅಲ್ಲಿಗೆ ಹೋಗಿ ಮಾತಾಡಿದೆವು, 'ಹಾಲಿಗೆ ನೋಡುವ ಹಾಗೆ ಫೋನಿಗೆ ಬಂದದ್ದಕ್ಕೂ ಫ್ಯಾಟ್ ನೋಡಿ' ಎಂದು. ಮೊನ್ನೆ 'ಹಸುಗಳಿಗೆ ಪುಕ್ಕಟೆ ವಿಮೆ, ಇಲ್ಲಿ ಒತ್ತಿ' ಎಂದು ಒಂದು ಸಂದೇಶ ಬಂತಂತೆ. ಯಾರೂ ಒತ್ತಲಿಲ್ಲ. ಅಂಬರೀಶಣ್ಣ ಶಾಲೆಗೆ ಫೋನ್ ಮಾಡಿ ನಮ್ಮನ್ನು ಕೇಳಿದರು. ಮೇಡಂ ಜೊತೆ ಕೂತು ನೋಡಿದೆವು. ಮೋಸವೇ.

ಶಾಲೆ: ಕಂಪ್ಯೂಟರ್ ರೂಮು ಈಗ ದಿನಾ ಸಾಯಂಕಾಲ ತೆರೆದಿರುತ್ತದೆ. ಮೊದಲು ವಾರಕ್ಕೊಮ್ಮೆ.

ಸೆಲ್ವಿ ಅಕ್ಕ: ಅವರಿಗೆ ಈಗ ಯಾರ ಪಾಸ್‌ವರ್ಡೂ ಗೊತ್ತಿಲ್ಲ. ತಮಿಳಿನಲ್ಲಿ 'ನಿಮ್ಮದಿ' ಅಂತಾರೆ, ನೆಮ್ಮದಿಯಂತೆ.

ನೀನು: ಹಳೆಯ ಹೆಸರು ಹೋಯಿತು ಅಂದೆ. ಡೇರಿಯಲ್ಲಿ ಹೊಸದು ಇಟ್ಟಿದ್ದಾರೆ, ಅಮ್ಮ ಹೇಳಿದಳು. 'ಮೂಟೆ ಕದಿರಮ್ಮ'. ಯಾರ ಫೋನಿಗೆ ಏನು ಬಂದರೂ ಈಗ ಮೊದಲು ಕೇಳುವುದು, 'ಮೂಟೆಗೆ ಹೊಲಿಗೆ ಐತಾ ನೋಡಿದ್ಯಾ?'

ರೂಮಿನವರು: ನೀನು ಹೊಸ ಜಾಡಿ ಉಪ್ಪಿನಕಾಯಿ ಕಳಿಸಿದರೆ ಅವರ ಲಾಭ. ಅದನ್ನು ಮಾತ್ರ ಈಗಲೂ ಹಂಚುತ್ತೇವೆ.

ನಾನು: ಸೀಟು ಉಳಿಯಿತು.

ನವ್ಯ: ಅವಳ ಸೀಟೂ ಉಳಿಯಿತು. ನನ್ನ ಪಕ್ಕದ್ದು.

ಸಹನ